ಕೀಟಾಹಾರಿ ಗಿಡಕ್ಕೆ ಯಾವ ಮಣ್ಣು? – ಏಳನೆಯ ತರಗತಿಯಲ್ಲಿ ಒಂದು ಮರುಬೋಧನೆ

ಪೀಠಿಕೆ

ಬೋಧನಾಭ್ಯಾಸದ ಅವಧಿಯಲ್ಲಿ ನನಗೆ ಹಂಚಿಕೆಯಾದದ್ದು ದಕ್ಷಿಣ ಕನ್ನಡ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆ. ಏಳನೆಯ ತರಗತಿಯ ವಿಜ್ಞಾನದಲ್ಲಿ ‘ಸಸ್ಯಗಳಲ್ಲಿ ಪೋಷಣೆ’ ಘಟಕವನ್ನು ನಾನು ಬೋಧಿಸಬೇಕಿತ್ತು. ಈ ಘಟಕದಲ್ಲಿ ಕೀಟಾಹಾರಿ ಸಸ್ಯಗಳಿಗೆ ಒಂದು ಸಣ್ಣ ಭಾಗವಿದೆ; ಹೂಜಿ ಗಿಡದ ಚಿತ್ರವೂ ಇದೆ. ಚಿತ್ರದ ಬದಲು ಜೀವಂತ ಗಿಡವನ್ನೇ ತೋರಿಸಿದರೆ ಮಕ್ಕಳ ಆಸಕ್ತಿ ಹೆಚ್ಚುತ್ತದೆ ಎಂದುಕೊಂಡು ನಾನು ಸ್ವಂತ ಖರ್ಚಿನಲ್ಲಿ ಒಂದು ವೀನಸ್ ಫ್ಲೈಟ್ರ್ಯಾಪ್ ಗಿಡವನ್ನು ಕೊರಿಯರಿನಲ್ಲಿ ತರಿಸಿದೆ. ಮಕ್ಕಳು ಅದಕ್ಕೆ ‘ಬಾಯಿ ಗಿಡ’ ಎಂದು ಹೆಸರಿಟ್ಟರು. ಹದಿನೆಂಟನೆಯ ದಿನ ಗಿಡ ಸತ್ತುಹೋಯಿತು.

ಗಿಡ ಸತ್ತದ್ದಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು, ಅದರ ತಪ್ಪು ಒಬ್ಬ ಹುಡುಗನ ತಲೆಯ ಮೇಲೆ ಬಿದ್ದದ್ದು. ಆ ತಪ್ಪು ಅವನದಲ್ಲ; ನಾನು ಆರಿಸಿದ ಮಣ್ಣು ಮತ್ತು ನೀರಿನದು. ಇದನ್ನು ತಿಳಿಯಲು, ತಿಳಿದದ್ದನ್ನು ಮಕ್ಕಳೆದುರು ಒಪ್ಪಿಕೊಳ್ಳಲು, ಅದನ್ನೇ ಪಾಠವಾಗಿಸಲು ನಡೆಸಿದ ಪ್ರಯತ್ನದ ವರದಿ ಇದು.

ಪಾಠದ ಹಿನ್ನೆಲೆ

ತರಗತಿಯಲ್ಲಿದ್ದ ಮಕ್ಕಳು 28. ಹೆಚ್ಚಿನವರು ಅಡಿಕೆ, ತೆಂಗು, ತರಕಾರಿ ಬೆಳೆಯುವ ಮನೆಗಳಿಂದ ಬರುವವರು. ಗೊಬ್ಬರ ಎಂದರೇನು ಎಂಬುದನ್ನು ಅವರಿಗೆ ಹೇಳಿಕೊಡಬೇಕಾಗಿಲ್ಲ. ಹಟ್ಟಿಗೊಬ್ಬರ ಹೊತ್ತು ಅಭ್ಯಾಸವಿರುವ ಮಕ್ಕಳು ಅವರು. ಈ ಪೂರ್ವಜ್ಞಾನವೇ ನನಗೆ ದೊಡ್ಡ ಬಲ ಎಂದು ಪಾಠಯೋಜನೆಯಲ್ಲಿ ಬರೆದಿದ್ದೆ. ಅದೇ ಪೂರ್ವಜ್ಞಾನದೊಳಗೆ ಒಂದು ತಪ್ಪು ಕಲ್ಪನೆ ಕುಳಿತಿರಬಹುದು ಎಂಬುದು ಆಗ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ, ಆ ಕಲ್ಪನೆ ನನ್ನಲ್ಲೂ ಇತ್ತು: ಫಲವತ್ತಾದ ಮಣ್ಣು ಎಲ್ಲ ಗಿಡಗಳಿಗೂ ಒಳ್ಳೆಯದು.

ಯೋಜನೆಯಲ್ಲಿ ಬರೆದುಕೊಂಡಿದ್ದ ಕಲಿಕಾ ಫಲಗಳು ಮೂರು. ಒಂದು, ಕೀಟಾಹಾರಿ ಸಸ್ಯಗಳೂ ದ್ಯುತಿಸಂಶ್ಲೇಷಣೆ ನಡೆಸುತ್ತವೆ ಎಂದು ಮಗು ವಿವರಿಸುತ್ತದೆ. ಎರಡು, ಅವು ಕೀಟಗಳನ್ನು ಹಿಡಿಯುವ ಕಾರಣವನ್ನು ಹೇಳುತ್ತದೆ. ಮೂರು, ಕೀಟಾಹಾರಿ ಸಸ್ಯಗಳಿಗೆ ಉದಾಹರಣೆ ಕೊಡುತ್ತದೆ. ಮೊದಲ ಪಾಠದ ಕೊನೆಯ ಐದು ನಿಮಿಷದ ಪರೀಕ್ಷೆಯಲ್ಲಿ ಮೂರನೆಯದನ್ನು ಎಲ್ಲರೂ ಬರೆದರು. ಆದರೆ 28ರಲ್ಲಿ 23 ಮಕ್ಕಳು ‘ಈ ಗಿಡ ಕೀಟಗಳನ್ನು ತಿಂದು ಬದುಕುತ್ತದೆ’ ಎಂದೇ ಬರೆದಿದ್ದರು. ಗಿಡದ ಹಸಿರು ಎಲೆ ಅವರ ಕಣ್ಣೆದುರೇ ಇತ್ತು. ಆ ಹಸಿರಿನ ಕೆಲಸವೇನು ಎಂದು ನಾನು ಕೇಳಿರಲೇ ಇಲ್ಲ.

ಹದಿನೆಂಟು ದಿನ

ಗಿಡ ಬಂದದ್ದು ಕುಂಡವಿಲ್ಲದೆ, ಬೇರಿಗೆ ಒದ್ದೆ ಹಾವಸೆ ಸುತ್ತಿಕೊಂಡು. ಶಾಲೆಯ ಕೈತೋಟಕ್ಕೆಂದು ಇಟ್ಟಿದ್ದ ಮಿಶ್ರಣವನ್ನೇ ನಾನು ಮಣ್ಣಿನ ಚಟ್ಟಿಗೆ ತುಂಬಿಸಿದೆ: ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹೊಯಿಗೆ, ಒಂದು ಪಾಲು ಹಳೆಯ ಹಟ್ಟಿಗೊಬ್ಬರ. ಬದನೆ, ಬೆಂಡೆಗೆ ಚೆನ್ನಾಗಿ ಒಗ್ಗಿದ ಮಿಶ್ರಣ ಅದು. ಬೇರಿಗೆ ಸುತ್ತಿದ್ದ ಹಾವಸೆಯನ್ನು ಕಸವೆಂದು ತೆಗೆದು ಎಸೆದೆ. ನೀರಿಗೆ ಶಾಲೆಯ ಕೊಳವೆಬಾವಿಯ ನಳ್ಳಿ. ದಿನಕ್ಕೊಬ್ಬರಂತೆ ನೀರು ಹಾಕುವ ಸರದಿಯ ಪಟ್ಟಿ ಮಾಡಿ, ಅದನ್ನು ನೋಡಿಕೊಳ್ಳಲು ಹಿಂದಿನ ಬೆಂಚಿನ ಒಬ್ಬ ಹುಡುಗನನ್ನು ನೇಮಿಸಿದೆ. ತರಗತಿಯಲ್ಲಿ ಹೆಚ್ಚು ಮಾತಾಡದ ಅವನು ಈ ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡಿದ. ಭಾನುವಾರವೂ ಬಂದು ನೀರು ಹಾಕಿ ಹೋಗಿದ್ದನಂತೆ.

ಎರಡನೆಯ ವಾರ ಎಲೆಗಳ ತುದಿ ಕಪ್ಪಾಯಿತು. ಆಮೇಲೆ ಹೊಸದಾಗಿ ಬರುತ್ತಿದ್ದ ಎಲೆಯೂ ಅರಳದೆ ಕಪ್ಪಾಯಿತು. ‘ನೀರು ಸಾಲದೇನೋ’ ಎಂದು ನಾನೇ ಹೇಳಿದೆ. ಅವನು ಇನ್ನಷ್ಟು ಹಾಕಿದ. ಗಿಡ ಸತ್ತ ದಿನ ತರಗತಿಯಲ್ಲಿ ಗದ್ದಲವೆದ್ದಿತು. ‘ಟೀಚರ್, ಇವ ನೀರು ಹಾಕಿದ್ದು ಜಾಸ್ತಿ ಆಯ್ತು’ ಎಂದು ಒಬ್ಬಳು, ‘ಇವ ದಿನಾ ಬಾಯಿಗೆ ಕಡ್ಡಿ ಹಾಕ್ತಿದ್ದ’ ಎಂದು ಇನ್ನೊಬ್ಬ. ಹುಡುಗ ತಲೆ ತಗ್ಗಿಸಿ ನಿಂತಿದ್ದ. ನಾನು ‘ಇರಲಿ ಬಿಡಿ, ಗಿಡ ಅಲ್ವಾ’ ಎಂದು ಮಾತು ಮುಗಿಸಿದೆ. ತಪ್ಪು ಅವನದೆಂದು ನಾನು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಮರುದಿನದಿಂದ ಅವನು ಪಾಠದ ನಡುವೆ ತಲೆ ಎತ್ತುತ್ತಿರಲಿಲ್ಲ.

ಅದೇ ದಿನ ಗಂಟೆ ಬಾರಿಸಿದ ಮೇಲೆ ಒಬ್ಬಳು ಹುಡುಗಿ ಮೇಜಿನ ಹತ್ತಿರ ಬಂದು ಕೇಳಿದಳು: ‘ಟೀಚರ್, ಹಟ್ಟಿಗೊಬ್ಬರ ಹಾಕಿದ ಮಣ್ಣು ಒಳ್ಳೆಯದೇ ಅಲ್ವಾ? ನಮ್ಮಲ್ಲಿ ಅಡಿಕೆಗೂ ಅದನ್ನೇ ಹಾಕುವುದು. ಮತ್ತೆ ಇದು ಯಾಕೆ ಸತ್ತದ್ದು?’ ನನ್ನ ಬಳಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಗಿಡದ ಊರಿನ ಮಣ್ಣು

ಆ ರಾತ್ರಿ ಪದವಿಯ ಸಸ್ಯಶಾಸ್ತ್ರದ ಪುಸ್ತಕಗಳನ್ನು ಮತ್ತೆ ತೆರೆದೆ. ಕೀಟಾಹಾರಿ ಸಸ್ಯಗಳ ವರ್ಗೀಕರಣ, ಬಲೆಗಳ ವಿಧ ನನಗೆ ಬಾಯಿಪಾಠ. ಬೇರಿನ ಬಗ್ಗೆ ಮಾತ್ರ ನಾನು ಯೋಚಿಸಿಯೇ ಇರಲಿಲ್ಲ.

ವೀನಸ್ ಫ್ಲೈಟ್ರ್ಯಾಪ್ ಕಾಡಿನಲ್ಲಿ ತಾನಾಗಿ ಬೆಳೆಯುವುದು ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾ ರಾಜ್ಯಗಳ ಕರಾವಳಿ ಬಯಲಿನಲ್ಲಿ ಮಾತ್ರ. ಅಲ್ಲಿನ ನೆಲ ಮರಳು ಮತ್ತು ಪೀಟ್ ಬೆರೆತದ್ದು, ಸದಾ ಒದ್ದೆ, ಆಮ್ಲೀಯ. ಪೀಟ್ ಎಂದರೆ ಜೌಗಿನಲ್ಲಿ ಪೂರ್ತಿ ಕೊಳೆಯದೆ ಉಳಿದ ಸಸ್ಯಭಾಗಗಳ ಪದರ. ತೋಟಗಾರಿಕೆಗೆ ಬರುವುದು ಹೆಚ್ಚಾಗಿ ಸ್ಫ್ಯಾಗ್ನಮ್ ಎಂಬ ಹಾವಸೆಯಿಂದ ಆದದ್ದು. ಸ್ಫ್ಯಾಗ್ನಮ್ ನೀರಿನಲ್ಲಿರುವ ಖನಿಜದ ಅಯಾನುಗಳನ್ನು ಹೀರಿಕೊಂಡು ಹೈಡ್ರೋಜನ್ ಅಯಾನುಗಳನ್ನು ಬಿಡುತ್ತದೆ. ಹಾಗಾಗಿ ಸುತ್ತಲಿನ ನೀರು ಹುಳಿಯಾಗುತ್ತದೆ. ನೀರು ತುಂಬಿದ ನೆಲದಲ್ಲಿ ಆಕ್ಸಿಜನ್ ಕಡಿಮೆ. ಆಮ್ಲ ಹೆಚ್ಚು, ಗಾಳಿ ಕಡಿಮೆ ಆದಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳ ಕೆಲಸ ನಿಧಾನ. ಕೊಳೆಯದಿದ್ದರೆ ಸತ್ತ ಎಲೆಯೊಳಗಿನ ಸಾರಜನಕ ಮಣ್ಣಿಗೆ ಮರಳುವುದಿಲ್ಲ. ಅಲ್ಲಿ ಬಿಸಿಲಿದೆ, ನೀರಿದೆ; ನೈಟ್ರೋಜನ್, ಫಾಸ್ಫರಸ್ ಮಾತ್ರ ಇಲ್ಲ. ಆ ಕೊರತೆಯನ್ನು ಎಲೆಯ ಬಲೆ ತುಂಬಿಕೊಡುತ್ತದೆ.

ಬಲೆ ಕಟ್ಟುವುದು ಗಿಡಕ್ಕೆ ಪುಕ್ಕಟೆಯ ಕೆಲಸವಲ್ಲ. 1984ರಲ್ಲಿ ಥಾಮಸ್ ಗಿವ್ನಿಶ್ ಮತ್ತು ಸಂಗಡಿಗರು ಇದನ್ನು ಖರ್ಚು ಮತ್ತು ಲಾಭದ ಲೆಕ್ಕವಾಗಿ ವಿವರಿಸಿದರು: ಬಿಸಿಲು, ನೀರು ಎರಡೂ ಧಾರಾಳವಾಗಿದ್ದು ಪೋಷಕಾಂಶ ಮಾತ್ರ ಕಡಿಮೆ ಇರುವಲ್ಲಿಯೇ ಬಲೆಯ ಖರ್ಚು ಹುಟ್ಟುತ್ತದೆ. 2002ರಲ್ಲಿ ಎಲಿಸನ್ ಮತ್ತು ಗೊಟೆಲಿ ಉತ್ತರ ಅಮೆರಿಕದ ಸರಸೀನಿಯಾ ಎಂಬ ಹೂಜಿ ಗಿಡಕ್ಕೆ ಹೆಚ್ಚು ನೈಟ್ರೋಜನ್ ಕೊಟ್ಟು ನೋಡಿದಾಗ, ಗಿಡ ಹೂಜಿಯ ಭಾಗವನ್ನು ಸಣ್ಣದಾಗಿಸಿ ಚಪ್ಪಟೆ ಎಲೆಯ ಭಾಗವನ್ನು ಹೆಚ್ಚಿಸಿಕೊಂಡಿತು. ಅಂದರೆ ಇಂಥ ಗಿಡ ಬದುಕುಳಿದರೂ ಗೊಬ್ಬರದ ಮಣ್ಣಿನಲ್ಲಿ ನಮ್ಮ ಪಾಠಕ್ಕೆ ಬೇಕಾದ ಗುಣವೇ ಅದರಲ್ಲಿ ಕುಗ್ಗುತ್ತದೆ. ಫ್ಲೈಟ್ರ್ಯಾಪಿನ ಬೇರು ಲವಣ ಹೆಚ್ಚಿರುವ ಮಣ್ಣನ್ನು, ಗಡಸು ನೀರನ್ನು ತಾಳುವುದಿಲ್ಲ. ನಾನು ಎರಡನ್ನೂ ಕೊಟ್ಟಿದ್ದೆ. ಅದರ ಊರಿನಿಂದ ಬಂದಿದ್ದ ಹಾವಸೆಯನ್ನು ಕಸವೆಂದು ಎಸೆದಿದ್ದೆ.

ಮರುಬೋಧನೆ: ಒಂದನೆಯ ಅವಧಿ

ನನ್ನ ಮಾರ್ಗದರ್ಶಕ ಶಿಕ್ಷಕಿಯವರೊಡನೆ ಮಾತಾಡಿ ಮೂರು ಅವಧಿಗಳನ್ನು ಮರಳಿ ಪಡೆದೆ. ಮೊದಲ ಅವಧಿಯನ್ನು ಸತ್ತ ಗಿಡದ ಚಟ್ಟಿಯನ್ನು ಮೇಜಿನ ಮೇಲಿಟ್ಟು ಆರಂಭಿಸಿದೆ. ‘ಈ ಮಣ್ಣನ್ನು ಆರಿಸಿದ್ದು ನಾನು. ಬೋರಿನ ನೀರು ಹಾಕಲು ಹೇಳಿದ್ದು ನಾನು. ಎಲೆ ಕಪ್ಪಾದಾಗ ಇನ್ನೂ ಹಾಕು ಎಂದದ್ದೂ ನಾನು. ಸರದಿ ನೋಡಿಕೊಂಡವ ನಾನು ಹೇಳಿದಂತೆಯೇ ಮಾಡಿದ್ದಾನೆ’ ಎಂದೆ. ತರಗತಿ ಸುಮ್ಮನಾಯಿತು. ಆ ಹುಡುಗ ಏನೂ ಹೇಳಲಿಲ್ಲ. ಅಂದೇ ಎಲ್ಲ ಸರಿಹೋಯಿತು ಎಂದು ಬರೆಯಲಾರೆ.

ನಂತರ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದೆ: ‘ಗಿಡ ಮಣ್ಣಿನಿಂದ ಪಡೆಯುವುದೇನು? ಎಷ್ಟು?’ ಮಕ್ಕಳ ಉತ್ತರ ಒಂದೇ: ‘ಊಟ.’ ಆಗ ವ್ಯಾನ್ ಹೆಲ್ಮಾಂಟ್‌ನ ಪ್ರಯೋಗವನ್ನು ಕಥೆಯಾಗಿ ಹೇಳಿದೆ. ಬೆಲ್ಜಿಯಂ ಪ್ರದೇಶದ ಈ ವೈದ್ಯ 200 ಪೌಂಡ್ ಒಣ ಮಣ್ಣು ತುಂಬಿದ ತೊಟ್ಟಿಯಲ್ಲಿ 5 ಪೌಂಡಿನ ವಿಲ್ಲೋ ಗಿಡ ನೆಟ್ಟು, 5 ವರ್ಷ ನೀರನ್ನಷ್ಟೇ ಕೊಟ್ಟ. ಮರ ಸುಮಾರು 169 ಪೌಂಡ್ ತೂಗಿತು. ಮಣ್ಣನ್ನು ಒಣಗಿಸಿ ತೂಗಿದರೆ ಕಡಿಮೆಯಾದದ್ದು ಸುಮಾರು 2 ಔನ್ಸ್. ಈ ವಿವರ ಅವನ ಮರಣದ ನಂತರ 1648ರಲ್ಲಿ ಪ್ರಕಟವಾಯಿತು. 2 ಔನ್ಸ್ ಎಂದರೆ 60 ಗ್ರಾಮಿಗೂ ಕಡಿಮೆ ಎಂದು ಹೇಳಿ, ಅಷ್ಟು ಮಣ್ಣನ್ನು ತಕ್ಕಡಿಯಲ್ಲಿ ತೂಗಿ ತೋರಿಸಿದೆ. ಒಂದು ಹಿಡಿಯೂ ಆಗಲಿಲ್ಲ.

‘ಹಾಗಾದರೆ ಮರ ಬಂದದ್ದು ಎಲ್ಲಿಂದ?’ ವ್ಯಾನ್ ಹೆಲ್ಮಾಂಟ್ ‘ನೀರಿನಿಂದ’ ಎಂದುಕೊಂಡ. ಹಿಂದಿನ ಪಾಠದಲ್ಲಿ ಕಾರ್ಬನ್ ಡೈಆಕ್ಸೈಡ್ ಕಲಿತಿದ್ದ ಮಕ್ಕಳು ಅವನ ತಪ್ಪನ್ನು ತಾವೇ ತಿದ್ದಿದರು. ಆಮೇಲೆ ಮುಖ್ಯ ಪ್ರಶ್ನೆ: ‘ಆ 2 ಔನ್ಸ್ ಏನು? ಅದು ಇಲ್ಲದಿದ್ದರೆ ನಡೆಯುತ್ತದೆಯೇ?’ ಚರ್ಚೆಯ ಕೊನೆಗೆ ಮಕ್ಕಳು ತಲುಪಿದ ಮಾತು ಇದು: ಊಟ ಎಲೆಯಲ್ಲಿ ತಯಾರಾಗುತ್ತದೆ, ಮಣ್ಣಿನಿಂದ ಬರುವುದು ಸ್ವಲ್ಪವೇ, ಆದರೆ ಅದಿಲ್ಲದೆ ಆಗದು. ಒಬ್ಬಳು ‘ಸಾಂಬಾರಿಗೆ ಉಪ್ಪಿನ ಹಾಗೆ’ ಎಂದಳು. ಆ ಉಪಮೆಯನ್ನೇ ಮುಂದುವರಿಸಿದೆ: ‘ಉಪ್ಪು ಒಂದು ಮುಷ್ಟಿ ಹಾಕಿದರೆ?’ ಬಾಯಿ ಗಿಡಕ್ಕೆ ನಾವು ಮಾಡಿದ್ದು ಅದನ್ನೇ ಎಂಬುದು ಮೊದಲ ಬಾರಿ ಅವರ ಮುಖದಲ್ಲಿ ಕಾಣಿಸಿತು. ಕೀಟವೂ ಗಿಡಕ್ಕೆ ಊಟವಲ್ಲ, ಆ 2 ಔನ್ಸಿನ ಇನ್ನೊಂದು ದಾರಿ ಎಂಬುದನ್ನು ಅವರಿಂದಲೇ ಹೇಳಿಸಲು ಆಮೇಲೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಎರಡನೆಯ ಅವಧಿ: ಮಣ್ಣುಗಳ ಪರೀಕ್ಷೆ

ಐದು ಗುಂಪುಗಳಿಗೆ ಐದು ಬಗೆಯ ಮಣ್ಣು: ಕೈತೋಟದ ಗೊಬ್ಬರ ಮಿಶ್ರಣ, ಕಡಲ ಕಡೆಯಿಂದ ತಂದ ಹೊಯಿಗೆ, ಅಂಗಡಿಯ ಕೋಕೊಪೀಟ್, ಪೀಟ್, ಮತ್ತು ಮುರಕಲ್ಲಿನ ಪುಡಿ. ಶಾಲೆಯ ಹಿಂದೆ ಮುರಕಲ್ಲು ಕಡಿದು ಉಳಿದ ರಾಶಿಯಿತ್ತು. ಐದನೆಯ ಗುಂಪಿಗೆ ಬೇರೇನೂ ಸಿಗದೆ ಅದನ್ನು ಸೇರಿಸಿದೆ. ಪ್ರತಿಯೊಂದು ಗುಂಪು ಮೂರು ಪರೀಕ್ಷೆ ಮಾಡಿತು.

ಒಂದು, ವಿನೆಗರ್ ಪರೀಕ್ಷೆ. ಒಂದು ಚಮಚ ಮಣ್ಣಿಗೆ ವಿನೆಗರ್ ಹನಿಸಿದಾಗ ನೊರೆ ಬಂದರೆ ಅದರಲ್ಲಿ ಸುಣ್ಣದ ಅಂಶವಿದೆ. ಕಡಲ ಹೊಯಿಗೆ ಬುರುಬುರು ಎಂದಿತು. ‘ಮರುವಾಯಿ ಚಿಪ್ಪು ಉಂಟಲ್ಲ ಟೀಚರ್’ ಎಂದು ಮಕ್ಕಳೇ ಕಾರಣ ಹೇಳಿದರು. ಸುಣ್ಣ ಆಮ್ಲವನ್ನು ಕೊಲ್ಲುತ್ತದೆ; ಆಮ್ಲೀಯ ನೆಲದ ಗಿಡಕ್ಕೆ ಈ ಹೊಯಿಗೆ ಆಗದು.

ಎರಡು, ಲವಣದ ಪರೀಕ್ಷೆ. ಒಂದು ಲೋಟ ಮಣ್ಣಿಗೆ ಎರಡು ಲೋಟ ಮಳೆನೀರು ಹಾಕಿ ಅರ್ಧ ಗಂಟೆ ಬಿಟ್ಟು, ಬಟ್ಟೆಯಲ್ಲಿ ಸೋಸಿ, ನೀರಿನ ಶುದ್ಧತೆ ನೋಡುವ ಟಿಡಿಎಸ್ ಮೀಟರ್ ಅದ್ದುವುದು. ಮೀಟರಿನ ಸಂಖ್ಯೆ ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣವನ್ನು ಸ್ಥೂಲವಾಗಿ ತೋರಿಸುತ್ತದೆ. ಕೀಟಾಹಾರಿ ಗಿಡ ಬೆಳೆಸುವವರು ನೀರಿಗೆ ಇಟ್ಟುಕೊಳ್ಳುವ ಮಿತಿ ಸಾಮಾನ್ಯವಾಗಿ 50 ಪಿಪಿಎಂ. ನಮ್ಮ ಮೀಟರಿನಲ್ಲಿ ಮಳೆನೀರು 9, ಕೊಳವೆಬಾವಿಯ ನೀರು 240. ಗೊಬ್ಬರ ಮಿಶ್ರಣದಿಂದ ಸೋಸಿದ ನೀರು 700 ದಾಟಿತು. ಕೋಕೊಪೀಟ್ ಎಲ್ಲರಿಗೂ ಅಚ್ಚರಿ ತಂದಿತು: ಮೊದಲ ಸಲ 400ರ ಮೇಲೆ. ತೆಂಗಿನ ಸಿಪ್ಪೆಯಲ್ಲಿ ಪೊಟ್ಯಾಸಿಯಂ, ಸೋಡಿಯಂ ಲವಣಗಳಿರುತ್ತವೆ. ಸಿಪ್ಪೆಯನ್ನು ಉಪ್ಪುನೀರಿನಲ್ಲಿ ನೆನೆಹಾಕಿದ್ದರೆ ಇನ್ನೂ ಹೆಚ್ಚು. ಮಳೆನೀರಿನಲ್ಲಿ ನಾಲ್ಕು ಸಲ ನೆನೆಸಿ ಹಿಂಡಿದ ಮೇಲೆ ಸಂಖ್ಯೆ 50ರ ಕೆಳಗೆ ಇಳಿಯಿತು. ಪೀಟ್ ಮತ್ತು ಮುರಕಲ್ಲಿನ ಪುಡಿ ಎರಡೂ 30ರ ಒಳಗೆ.

ಮೂರು, ಪ್ರೌಢಶಾಲೆಯ ಪ್ರಯೋಗಾಲಯದಿಂದ ತಂದ ಪಿಎಚ್ ಕಾಗದದ ಪರೀಕ್ಷೆ. ಪೀಟ್ ಸುಮಾರು 4, ಮುರಕಲ್ಲಿನ ಪುಡಿ ಸುಮಾರು 5, ಕೋಕೊಪೀಟ್ 6, ಗೊಬ್ಬರ ಮಿಶ್ರಣ 7.

ಅಮೆರಿಕದ ಜೌಗಿನ ಗಿಡಕ್ಕೆ ಬೇಕಾದ ಗುಣಗಳಿಗೆ ಹತ್ತಿರ ಬಂದದ್ದು ನಮ್ಮ ಶಾಲೆಯ ಹಿಂದಿನ ಮುರಕಲ್ಲು. ನಾನು ಯೋಜಿಸಿದ್ದಲ್ಲ ಇದು. ‘ಬಡ ಮಣ್ಣು’ ಎಂದು ಒಬ್ಬ ಅದಕ್ಕೆ ಹೆಸರಿಟ್ಟ. ಆಗ ಹಿಂದಿನ ಬೆಂಚಿನಿಂದ ಆ ಹುಡುಗನ ಧ್ವನಿ ಕೇಳಿಸಿತು: ‘ಟೀಚರ್, ಪದವಿನಲ್ಲಿ ಒಂದು ಗಿಡ ಉಂಟು. ಕೆಂಪು. ಹುಲ್ಲು ತರಲಿಕ್ಕೆ ಹೋಗುವಾಗ ಕಾಲಿಗೆ ಅಂಟುತ್ತದೆ. ಅದರಲ್ಲಿ ನುಸಿ ಸತ್ತು ಇರ್ತದೆ.’

ಮೂರನೆಯ ಅವಧಿ: ಪದವಿನ ಮೇಲೆ

ಮಳೆ ಬಿಡುವು ಕೊಟ್ಟ ಆಗಸ್ಟಿನ ಒಂದು ಮಧ್ಯಾಹ್ನ, ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಇಡೀ ತರಗತಿ ಪದವಿಗೆ ಹೋಯಿತು. ಮುಂದೆ ನಡೆದವನು ಅವನೇ. ಮುರಕಲ್ಲಿನ ಬಯಲು, ಗುಂಡಿಗಳಲ್ಲಿ ನೀರು, ಕಲ್ಲಿನ ಮೇಲೆ ಉಗುರಿನಷ್ಟು ದಪ್ಪದ ಮಣ್ಣು. ಅದರ ಮೇಲೆ ಎರಡು ಬಗೆಯ ಡ್ರಾಸಿರಾ: ದಾರದಂಥ ಎಲೆಗಳ, ನೆಟ್ಟಗೆ ನಿಂತ ಡ್ರಾಸಿರಾ ಇಂಡಿಕಾ, ನಾಣ್ಯದಷ್ಟು ಅಗಲಕ್ಕೆ ನೆಲಕ್ಕಂಟಿ ಹರಡಿದ ಡ್ರಾಸಿರಾ ಬರ್ಮಾನಿ. ಎಲೆಯ ಕೂದಲುಗಳ ತುದಿಯಲ್ಲಿ ಇಬ್ಬನಿಯಂಥ ಅಂಟು ಹನಿ. ಪಕ್ಕದ ನೀರಿನಲ್ಲಿ ಯುಟ್ರಿಕ್ಯುಲೇರಿಯಾದ ನೀಲಿ ಹೂಗಳು. ಅದು ಒದ್ದೆ ನೆಲದೊಳಗಿನ ಪುಟ್ಟ ಗುಳ್ಳೆಗಳಲ್ಲಿ ಸಣ್ಣ ಜೀವಿಗಳನ್ನು ಹಿಡಿಯುತ್ತದೆ. ನಾನು ಕೊರಿಯರಿನಲ್ಲಿ ತರಿಸಿದ ವಿಸ್ಮಯ ಶಾಲೆಯಿಂದ ಹದಿನೈದು ನಿಮಿಷದ ನಡಿಗೆಯಲ್ಲೇ ಇತ್ತು.

ಕಾರಣವನ್ನು ಮಕ್ಕಳು ಅಲ್ಲಿಯೇ ಹುಡುಕಿದರು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಯುಗಯುಗಗಳ ಮಳೆ ಕರಗುವ ಲವಣಗಳನ್ನೆಲ್ಲ ತೊಳೆದು, ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂನ ಆಕ್ಸೈಡುಗಳನ್ನು ಉಳಿಸಿದ್ದೇ ಮುರಕಲ್ಲು. ಕೆರೊಲಿನಾದಲ್ಲಿ ಪೀಟ್, ಇಲ್ಲಿ ಮುರ. ಎರಡು ಕಡೆಯೂ ಬಿಸಿಲು, ನೀರು ಧಾರಾಳ, ಪೋಷಕಾಂಶ ಇಲ್ಲ. ಪದವಿನ ಅಂಚಿನಲ್ಲಿ ತೋಟದ ಗೊಬ್ಬರದ ನೀರು ಹರಿದು ಬರುವ ಕಡೆ ಹುಲ್ಲು ಎತ್ತರಕ್ಕೆ ಬೆಳೆದಿತ್ತು. ಅಲ್ಲಿ ಒಂದೂ ಡ್ರಾಸಿರಾ ಕಾಣಲಿಲ್ಲ. ಫಲವತ್ತಾದ ನೆಲದಲ್ಲಿ ಎತ್ತರದ ಗಿಡಗಳು ಈ ಕುಳ್ಳ ಗಿಡಗಳ ಬಿಸಿಲನ್ನು ಕಿತ್ತುಕೊಳ್ಳುತ್ತವೆ ಎಂಬುದನ್ನು ನಾನು ಹೇಳುವ ಮೊದಲೇ ಒಂದು ಗುಂಪು ಬರೆದುಕೊಂಡಿತ್ತು. ಗಿಡ ಕೀಳಬಾರದು ಎಂಬ ನಿಯಮವನ್ನು ಹೊರಡುವ ಮೊದಲೇ ಮಾಡಿದ್ದೆವು. ಒಂದು ಚಮಚ ಮಣ್ಣು, ಒಂದು ಬಾಟಲಿ ನೀರು ಮಾತ್ರ ತಂದೆವು. ಪಠ್ಯದ ಹೂಜಿ ಗಿಡದ ಜಾತಿಗೆ ಸೇರಿದ, ಭಾರತದ ಮೇಘಾಲಯದಲ್ಲಷ್ಟೇ ಬೆಳೆಯುವ ನೆಪೆಂಥಿಸ್ ಖಾಸಿಯಾನವನ್ನು ಜನ ಕಿತ್ತು ಮಾರಿದ್ದರಿಂದಲೇ ಅದಕ್ಕೆ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಕಟ್ಟುನಿಟ್ಟಿನ ನಿರ್ಬಂಧ ಬಂದಿದೆ ಎಂಬುದನ್ನು ಅಲ್ಲಿ ಹೇಳಿದೆ.

ಇದರೊಡನೆ ತರಗತಿಯಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ಗೊಬ್ಬರ ಮಿಶ್ರಣ ಮತ್ತು ಪೀಟ್ ಎರಡರಲ್ಲೂ ಸಾಮಾನ್ಯ ಗಿಡವೊಂದನ್ನು ಬೆಳೆಸಿ ಹೋಲಿಸುವುದು. ನಾನು ಹೆಸರುಕಾಳು ಎಂದಿದ್ದೆ. ಮಾರ್ಗದರ್ಶಕ ಶಿಕ್ಷಕಿಯವರು ನಕ್ಕರು: ‘ಹೆಸರು ಬೇಡ. ಅದರ ಬೇರಿನ ಗಂಟಿನಲ್ಲೇ ಗೊಬ್ಬರದ ಕಾರ್ಖಾನೆ ಉಂಟು. ಇದೇ ಪಾಠದಲ್ಲಿ ರೈಜೋಬಿಯಂ ಹೇಳಿಕೊಡುತ್ತೀರಲ್ಲ?’ ಹರಿವೆ ಬಿತ್ತಿದೆವು. ಎರಡೂ ಕಡೆ ಮೊಳೆಯಿತು. ನಾಲ್ಕನೆಯ ವಾರಕ್ಕೆ ಗೊಬ್ಬರದಲ್ಲಿದ್ದದ್ದು ಗೇಣುದ್ದ ಬೆಳೆದಿತ್ತು, ಪೀಟ್‌ನಲ್ಲಿದ್ದದ್ದು ಎರಡು ಎಲೆಯಲ್ಲೇ ಹಳದಿಯಾಗಿ ನಿಂತಿತ್ತು. ಬಾಯಿ ಗಿಡವನ್ನು ಕೊಂದ ಮಣ್ಣು ಹರಿವೆಯನ್ನು ಸಾಕಿತು. ಅಡಿಕೆಯ ಪ್ರಶ್ನೆ ಕೇಳಿದ್ದ ಹುಡುಗಿ ಎರಡೂ ಚಟ್ಟಿಗಳನ್ನು ಬಹಳ ಹೊತ್ತು ನೋಡಿ, ‘ಒಳ್ಳೆ ಮಣ್ಣು ಅಂತ ಹೇಳಿದರೆ ಸಾಲದು ಟೀಚರ್, ಯಾವುದಕ್ಕೆ ಅಂತಲೂ ಹೇಳ್ಬೇಕು’ ಎಂದಳು.

ಕುಂಡಕ್ಕೆ ಮಣ್ಣು ಸಿದ್ಧಪಡಿಸುವ ಬಗೆ

ಮುಂದಿನ ತಂಡದವರು ಇಂಥ ಗಿಡ ಇಡುವುದಾದರೆ ಉಪಯೋಗವಾಗಲೆಂದು, ಜುಲೈಯಲ್ಲಿ ಸಹಪಾಠಿಗಳು ಸೇರಿ ಕೊಂಡ ಎರಡನೆಯ ಗಿಡಕ್ಕೆ ನಾವು ಮಾಡಿದ್ದನ್ನು ಬರೆಯುತ್ತೇನೆ.

1. ಒಂದು ಪಾಲು ಸ್ಫ್ಯಾಗ್ನಮ್ ಪೀಟ್, ಒಂದು ಪಾಲು ಪರ್ಲೈಟ್. ಪರ್ಲೈಟ್ ಎಂದರೆ ಜ್ವಾಲಾಮುಖಿಯ ಗಾಜನ್ನು ಕಾಯಿಸಿ ಹೊರಳಿನಂತೆ ಅರಳಿಸಿದ ಬಿಳಿ ಹರಳು. ಬೇರಿಗೆ ಗಾಳಿ ಸಿಗಲು ಬೇಕು. ಅದರ ಬದಲು ಚೆನ್ನಾಗಿ ತೊಳೆದ, ವಿನೆಗರ್ ಪರೀಕ್ಷೆಯಲ್ಲಿ ನೊರೆ ಬಾರದ ದಪ್ಪ ಮರಳೂ ಆದೀತು.

2. ಪೀಟ್ ಕೊಳ್ಳುವಾಗ ಚೀಲದ ಮೇಲಿನ ಬರಹವನ್ನು ಪೂರ್ತಿ ಓದಬೇಕು. ನರ್ಸರಿಯವರಿಗೆಂದು ಬರುವ ಹಲವು ಚೀಲಗಳಲ್ಲಿ ಸುಣ್ಣ ಮತ್ತು ಗೊಬ್ಬರವನ್ನು ಮೊದಲೇ ಸೇರಿಸಿರುತ್ತಾರೆ. ‘ಪಾಟಿಂಗ್ ಮಿಕ್ಸ್’ ಎಂದಿರುವುದನ್ನು ತರಲೇಬಾರದು.

3. ಪೀಟ್ ಸಿಗದಿದ್ದರೆ ಒಣಗಿಸಿದ ಸ್ಫ್ಯಾಗ್ನಮ್ ಹಾವಸೆ ಉತ್ತಮ. ಕೋಕೊಪೀಟ್ ಬಳಸುವುದಾದರೆ ಮಳೆನೀರಿನಲ್ಲಿ ಹಲವು ಸಲ ತೊಳೆದು, ಮೀಟರಿನಲ್ಲಿ ನೋಡಿಯೇ ಬಳಸಬೇಕು. ಪೀಟ್ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್‌ನಷ್ಟೇ ಬೆಳೆಯುವ, ಭಾರೀ ಪ್ರಮಾಣದ ಇಂಗಾಲವನ್ನು ಹಿಡಿದಿಟ್ಟಿರುವ ಪದರವಾದ್ದರಿಂದ, ಒಂದು ಕುಂಡಕ್ಕೆ ಬೇಕಾದಷ್ಟನ್ನೇ ತರುವುದು ಒಳ್ಳೆಯದು.

4. ಕುಂಡ ಪ್ಲಾಸ್ಟಿಕ್‌ನದಾಗಿರಲಿ. ಮಣ್ಣಿನ ಚಟ್ಟಿಯ ಗೋಡೆಯಲ್ಲಿ ಲವಣ ಸೇರಿಕೊಳ್ಳುತ್ತದೆ.

5. ನೀರು ಮಳೆಯದ್ದು ಅಥವಾ ಬಟ್ಟಿ ಇಳಿಸಿದ್ದು. ಕುಂಡವನ್ನು ಒಂದೆರಡು ಸೆಂಟಿಮೀಟರ್ ನೀರಿರುವ ತಟ್ಟೆಯಲ್ಲಿಡಬೇಕು. ಸಿಮೆಂಟಿನ ತಾರಸಿಯಿಂದ ಇಳಿದ ನೀರು ಬೇಡ. ಬಯಲಿನಲ್ಲಿ ಬಕೆಟ್ ಇಟ್ಟು ಹಿಡಿಯಬೇಕು. ಬೇಸಿಗೆಗೆ ಕ್ಯಾನುಗಳಲ್ಲಿ ತುಂಬಿಸಿಡಬೇಕು.

6. ಹೂಜಿ ಗಿಡಕ್ಕೆ, ಅಂದರೆ ನೆಪೆಂಥಿಸ್‌ಗೆ, ಇದೇ ಮಿಶ್ರಣ ಆಗದು. ಅದಕ್ಕೆ ಇನ್ನೂ ಸಡಿಲವಾದ ಮಿಶ್ರಣ ಬೇಕು: ಹಾವಸೆಯೊಡನೆ ಪರ್ಲೈಟ್ ಮತ್ತು ತೊಳೆದ ತೆಂಗಿನ ಸಿಪ್ಪೆಯ ತುಂಡು. ತಟ್ಟೆಯಲ್ಲಿ ನೀರು ನಿಲ್ಲಿಸಬಾರದು.

7. ಫ್ಲೈಟ್ರ್ಯಾಪಿಗೆ ಚಳಿಗಾಲದ ವಿಶ್ರಾಂತಿ ಬೇಕು. ನಮ್ಮ ಕರಾವಳಿಯ ಸೆಕೆಯಲ್ಲಿ ಅದು ಸಿಗದೆ ಗಿಡ ವರ್ಷಗಳಲ್ಲಿ ಸೊರಗುತ್ತದೆ. ಶಾಲೆಗೆ ಬೀಜದಿಂದ ಬೆಳೆಸಿದ ಡ್ರಾಸಿರಾ ಬರ್ಮಾನಿ ಹೆಚ್ಚು ಸೂಕ್ತ. ಅದು ನಮ್ಮ ಹವೆಯದೇ ಗಿಡ.

ಮೌಲ್ಯಮಾಪನ

ಅದೇ ಐದು ನಿಮಿಷದ ಪರೀಕ್ಷೆಯನ್ನು ಮತ್ತೆ ಕೊಟ್ಟಾಗ ‘ಕೀಟ ತಿಂದು ಬದುಕುತ್ತದೆ’ ಎಂದು ಬರೆದವರು 6 ಮಂದಿ. ಆ ಆರು ಮಂದಿಯ ಜೊತೆ ಪ್ರತ್ಯೇಕ ಮಾತಾಡಿದಾಗ, ಇಬ್ಬರಿಗೆ ವಿಷಯ ಗೊತ್ತಿತ್ತು, ಬರೆಯಲು ಪದ ಸಿಕ್ಕಿರಲಿಲ್ಲ. ಉಳಿದವರಿಗೆ ಇನ್ನೂ ಸ್ಪಷ್ಟವಾಗಿರಲಿಲ್ಲ. ಹೊಸ ಸನ್ನಿವೇಶದ ಪ್ರಶ್ನೆಯಾಗಿ, ‘ಕೀಟವೇ ಬಾರದ ಗಾಜಿನ ಪೆಟ್ಟಿಗೆಯಲ್ಲಿ ಡ್ರಾಸಿರಾ ಸಾಯುತ್ತದೆಯೇ?’ ಎಂದು ಕೇಳಿದ್ದೆ. ಹೆಚ್ಚಿನವರು ‘ಸಾಯುವುದಿಲ್ಲ, ಆದರೆ ಚೆನ್ನಾಗಿ ಬೆಳೆಯುವುದಿಲ್ಲ’ ಎಂದು ಬರೆದರು. ಆಮೇಲೆ ಅವರಿಗೆ ಡಾರ್ವಿನ್ನನ ಮಗ ಫ್ರಾನ್ಸಿಸ್ ಡಾರ್ವಿನ್ ಇದನ್ನೇ ಪರೀಕ್ಷಿಸಿ 1878ರಲ್ಲಿ ಪ್ರಕಟಿಸಿದ್ದನ್ನು ಹೇಳಿದೆ: ಮಾಂಸದ ತುಣುಕು ಪಡೆದ ಡ್ರಾಸಿರಾ ಗಿಡಗಳು, ಪಡೆಯದವಕ್ಕಿಂತ ಬಹಳ ಹೆಚ್ಚು ಬೀಜ ಕಟ್ಟಿದವು.

ವೀಕ್ಷಕರ ಟಿಪ್ಪಣಿ ಮತ್ತು ಆತ್ಮಾವಲೋಕನ

ಮೊದಲ ಪಾಠವನ್ನು ನೋಡಿದ್ದ ನಮ್ಮ ಉಪನ್ಯಾಸಕರು ನನ್ನ ದಾಖಲೆ ಪುಸ್ತಕದಲ್ಲಿ, ‘ಬೋಧನೋಪಕರಣ ಆಕರ್ಷಕ. ಶಿಕ್ಷಕಿಯಿಂದ “ಏಕೆ” ಎಂಬ ಪ್ರಶ್ನೆ ಒಂದೂ ಬರಲಿಲ್ಲ’ ಎಂದು ಬರೆದಿದ್ದರು. ಆಗ ಬೇಸರವಾಗಿತ್ತು, ಈಗ ಅದೇ ಸರಿಯಾದ ಮಾತೆನಿಸುತ್ತದೆ. ಗಿಡವನ್ನು ನಾನು ಪ್ರದರ್ಶನದ ವಸ್ತುವಾಗಿ ತಂದಿದ್ದೆ. ಮರುಬೋಧನೆಯ ಬಗ್ಗೆಯೂ ಅವರು ಒಂದು ಆಕ್ಷೇಪ ಎತ್ತಿದರು: ಆಮ್ಲ, ಪ್ರತ್ಯಾಮ್ಲದ ಘಟಕ ಇನ್ನೂ ಬಾರದ ಮಕ್ಕಳಿಗೆ ಪಿಎಚ್ ಕಾಗದದ ಸಂಖ್ಯೆಗಳು ಬರಿಯ ಬಣ್ಣವಷ್ಟೇ. ಒಪ್ಪುತ್ತೇನೆ. ಮುಂದಿನ ಬಾರಿ ವಿನೆಗರ್ ಮತ್ತು ಮೀಟರ್ ಎರಡರಲ್ಲೇ ನಿಲ್ಲಿಸುವೆ.

ಇನ್ನೊಂದು ಪ್ರಶ್ನೆ ಮಕ್ಕಳಿಂದ ಬಂತು. ಗಿಡವನ್ನು ಕೊಂದದ್ದು ಗೊಬ್ಬರವೋ, ಬೋರಿನ ನೀರೋ, ಕೊರಿಯರಿನ ಪ್ರಯಾಣವೋ, ಕಡ್ಡಿಯ ಚುಚ್ಚೋ? ಮತ್ತೊಂದು ಗಿಡ ತಂದು ಗೊಬ್ಬರದಲ್ಲಿ ನೆಟ್ಟು ನೋಡೋಣವೇ ಎಂದು ಒಬ್ಬ ಕೇಳಿದ. ತರಗತಿಯಲ್ಲಿ ಮತ ಕೇಳಿದಾಗ ಬೇಡವೆಂದವರೇ ಹೆಚ್ಚು. ಎರಡನೆಯ ಗಿಡ ಈಗ ನಾಲ್ಕು ತಿಂಗಳಿಂದ ಇದೆ. ಏಳು ಹೊಸ ಎಲೆ ಬಂದಿವೆ. ‘ನೋಡಿ, ಮಣ್ಣು ಸರಿಯಾಯಿತು’ ಎಂದು ನಾನು ಸಂಭ್ರಮಪಟ್ಟಾಗ, ‘ನೀರನ್ನೂ ಬದಲು ಮಾಡಿದ್ದೇವಲ್ಲ ಟೀಚರ್, ಯಾವುದರಿಂದ ಅಂತ ಹೇಗೆ ಗೊತ್ತಾಗುವುದು?’ ಎಂದು ಕೇಳಿದವನು ನೀರಿನ ಸರದಿಯ ಆ ಹುಡುಗನೇ. ಒಂದು ಪ್ರಯೋಗದಲ್ಲಿ ಒಂದನ್ನೇ ಬದಲಿಸಬೇಕು ಎಂಬ ನಿಯಮವನ್ನು ನಾನು ಹಲಗೆಯ ಮೇಲೆ ಬರೆಸಿರಲಿಲ್ಲ. ಅವನಿಗೆ ಅದು ಬೇರೆ ದಾರಿಯಿಂದ ಗೊತ್ತಾಗಿತ್ತು: ಪುರಾವೆಯಿಲ್ಲದೆ ತಪ್ಪು ಹೊತ್ತವನು ಅವನು.

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನದೊಂದು ಕೋರಿಕೆ. ತರಗತಿಗೆ ಜೀವಂತ ವಸ್ತು ತರುವ ಮೊದಲು ಅದು ಎಲ್ಲಿಂದ ಬಂತು, ಅಲ್ಲಿ ನೆಲ ಹೇಗಿದೆ, ನೀರು ಹೇಗಿದೆ ಎಂದು ಓದಿಕೊಳ್ಳಿ. ಆರೈಕೆಯ ಹೊಣೆಯನ್ನು ಮಕ್ಕಳಿಗೆ ಕೊಡುವುದಾದರೆ, ಕೆಟ್ಟರೆ ಉತ್ತರ ಕೊಡುವವರು ನೀವೆಂಬುದನ್ನು ಮೊದಲ ದಿನವೇ ಎಲ್ಲರೆದುರು ಹೇಳಿಬಿಡಿ.

ಶಾಲೆಯಿಂದ ಬಿಡುಗಡೆಯಾಗುವ ದಿನ ಕುಂಡವನ್ನು ಅಲ್ಲಿಯೇ ಬಿಟ್ಟು ಬಂದೆ. ಅದಕ್ಕೆ ಮಕ್ಕಳು ಅಂಟಿಸಿದ ಚೀಟಿಯಲ್ಲಿ ಹೀಗಿದೆ: ‘ಮಳೆನೀರು ಮಾತ್ರ. ಗೊಬ್ಬರ ಹಾಕಬಾರದು. ಕೇಳುವುದಿದ್ದರೆ ಏಳನೇ ತರಗತಿಗೆ ಬನ್ನಿ.’